ಅರವತ್ತೆರಡನೆಯ ಗುಡ್ಡೆ

ಕಂಪನಿಯವರಿಗೆ ಇದ್ದಕ್ಕಿದ್ದ ಹಾಗೆ ಕೋಳಿ ಸಾಕುವವರ ಮನಸ್ಸಿನ ಮೇಲೆ ಪ್ರೀತಿ ಉಕ್ಕಿತು. ಅದಕ್ಕೆ ಕಾರಣವಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಶೆಡ್ಡುಗಳಲ್ಲಿ ಕೆಲಸಕ್ಕಿದ್ದ ನೇಪಾಳದ ಗಂಡ-ಹೆಂಡಿರ ಜೋಡಿಗಳು ಬ್ಯಾಚಿನ ನಡುವೆಯೇ ಗಂಟುಮೂಟೆ ಕಟ್ಟಿ ಹೊರಟುಬಿಡುತ್ತಿದ್ದರು. ಸಾಕುವವರು ಹೋದರೆ ಕೋಳಿ ಸಾಯುತ್ತವೆ, ಕೋಳಿ ಸತ್ತರೆ ಕಂಪನಿಗೆ ಸಂಕಟವಾಗುತ್ತದೆ. ಹಾಗಾಗಿ ಮೇಲಿನಿಂದ ಒಂದು ಫಾರಂ ಬಂತು. ಎಡಗಡೆ 'ಇಲ್ಲಿ ಏನು ಇಷ್ಟ', ಬಲಗಡೆ 'ಇಲ್ಲಿ ಏನು ಇಷ್ಟವಿಲ್ಲ'. ಪ್ರತಿ ಶೆಡ್ಡಿನಲ್ಲೂ ಕೇಳಿ, ಬರೆದು ಕಳಿಸಬೇಕು.

ನಾನು ಆ ಕೋಳಿ ಕಂಪನಿಯ ಸೂಪರ್‌ವೈಸರ್. ಶೆಡ್ಡು ಊರಿನ ರೈತರದು, ಮರಿ-ಮೇವು ಕಂಪನಿಯದು. ಬೈಕಿನಲ್ಲಿ ಸುತ್ತಿ ಕೋಳಿ ತೂಕ ಹಾಕುವುದು, ಸತ್ತವನ್ನು ಎಣಿಸುವುದು, ಯಾವ ದಿನ ಲಾರಿಗೆ ಎತ್ತಿಸಬೇಕೆಂದು ಹೇಳುವುದು ನನ್ನ ಕೆಲಸ. ಅರ್ಧದಷ್ಟು ಫಾರಂಗಳನ್ನು ಶಾಂತಿಗ್ರಾಮದ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಾನೇ ತುಂಬಿದೆ. ಇಷ್ಟ: ಹವಾಮಾನ. ಇಷ್ಟವಿಲ್ಲ: ಏನೂ ಇಲ್ಲ. ಇಂಥ ಕಾಗದಗಳನ್ನು ಓದುವವರಿಗೂ ಅಷ್ಟೇ ಸಾಕಾಗಿರುತ್ತದೆ.

ಶಾಂತಿಗ್ರಾಮದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಶೆಡ್ಡಿನಲ್ಲಿ ಮಾತ್ರ ಸಿಕ್ಕಿಬಿದ್ದೆ. ಐದು ಸಾವಿರ ಕೋಳಿಯ ಶೆಡ್ಡು. ಅದರ ತುದಿಗೆ ಸಿಮೆಂಟ್ ಶೀಟಿನ ಒಂದೇ ಕೋಣೆ. ಅದರಲ್ಲಿ ನೇಪಾಳದ ಗಂಡ-ಹೆಂಡತಿ ಎಂಟು ವರ್ಷದಿಂದ ಇದ್ದರು. ಗಂಡನದು ಮಾತು ಕಡಿಮೆ. ಹೆಂಡತಿಯ ಕನ್ನಡ ಕೇಳಿದರೆ ಅದೇ ಊರಿನಲ್ಲಿ ಹುಟ್ಟಿದವಳೆನ್ನಬೇಕು. ನಾನು ಮೇವಿನ ಮೂಟೆಯ ಮೇಲೆ ಕಾಗದ ಇಟ್ಟು ಗೀಚುತ್ತಿದ್ದಾಗ ಅವಳು ಹಿಂದೆ ಬಂದು ನಿಂತಿದ್ದಳು.

"ಏನ್ ಸಾ, ನಮ್ಗೇನ್ ಇಷ್ಟ ಅಂತ ನೀವೇ ಬರ್ಕತಾ ಇದೀರ?"

ಬಸ್ಸಿನ ಬೋರ್ಡು ನೋಡಿಕೊಂಡೇ ಅವಳು ಓದಲು ಕಲಿತಿದ್ದಳೆಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಹೊಸ ಫಾರಂ ತೆಗೆದು, ಸರಿ, ಹೇಳಮ್ಮ ಅಂದೆ.

"ನೀರು ಬರೀರಿ. ನಮ್ಮೂರಲ್ ನೀರಿಗೆ ಒಂದ್ ಗಂಟೆ ಇಳೀಬೇಕು, ಎಲ್ಡ್ ಗಂಟೆ ಅತ್ಬೇಕು. ಇಲ್ಲಿ ತಿರುಗ್ಸುದ್ರೆ ಬತ್ತದೆ. ಆಮೇಲೆ ಆಸ್ಪತ್ರೆ. ಜ್ವರ ಬಂದಾಗ ಓದ್ರೆ ಯಾವೂರು ಅಂತ ಕೇಳ್ದಲೇ ಸೂಜಿ ಆಕುದ್ರು. ಬಸ್ಸು ಕೈ ಅಡ್ಡ ಆಕುದ್ರೆ ನಿಲ್ತದೆ."

ಕೋಳಿಗೆ ಮೇವು ಸುರಿಯುತ್ತಿದ್ದ ಗಂಡ ತಲೆಯೆತ್ತದೆ ಒಂದು ಮಾತು ಸೇರಿಸಿದ. "ಸಪಾಟ್ ನೆಲ ಸಾ. ಇಲ್ಲಿ ಕಾಲು ಜಾರುದ್ರೆ ಅಲ್ಲೇ ಬೀಳ್ತೀವಿ. ಕಣಿವೆಗ್ ಓಗಲ್ಲ."

ನಗು ಬಂತು. ಅದನ್ನೂ ಬರೆದೆ. ಆಮೇಲೆ ಬಲಗಡೆಗೆ ಬಂದೆವು. ಅವಳು ಬೆರಳು ಮಡಿಚತೊಡಗಿದಳು.

"ನಮ್ಮೆಜಮಾನ್ನ ಎಲ್ರೂ ಬಹದ್ದೂರ್ ಅಂತಾರೆ. ಅದು ಅವ್ರ್ ಎಸ್ರೇ ಅಲ್ಲ. ಬಸ್ಸಲ್ಲಿ ಎಂಗುಸ್ರಿಗೆಲ್ಲ ಫ್ರೀ, ನನಗ್ ಮಾತ್ರ ಟಿಕೆಟ್ ಅರೀತಾರೆ. ಕಾರ್ಡಿಲ್ಲ ಅಂತ. ನಾನ್ ಎಂಗ್ಸಲ್ವಾ? ಅಬ್ಬ ಆದ್ ಮಾರ್ನೆ ದಿನ ಮಿಕ್ಕಿದ್ ಅನ್ನ ತಂದ್ ಕೊಡ್ತಾರೆ. ಉಳಿ ವಾಸ್ನೆ ಒಡೀತಿರ್ತದೆ. ಕೊಟ್ಟು ಸುಮ್ಕೆ ಓಗಲ್ಲ ಸಾ, ತಿಂತೀವಾ ಅಂತ ನೋಡ್ಕಂಡ್ ನಿಂತ್ಕತಾರೆ. ಆಮೇಲೆ, ಯಾವ್ ಜನ ನೀವು ಅಂತಾರೆ. ನೇಪಾಳ ಅಂದ್ರೆ, ಅದ್ ಊರಾಯ್ತು ಕಣಮ್ಮ, ಜನ ಯಾವ್ದು ಅಂತಾರೆ."

ಇಲ್ಲಿ ನನ್ನ ಪೆನ್ನು ನಿಂತಿತು. ಆ ಪ್ರಶ್ನೆ ನನಗೂ ಹೊಸದಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಜಗಲಿಯ ಮೇಲೆ ಕೂತರೂ ಕಾಫಿಗಿಂತ ಮೊದಲು ಅದೇ ಬರುತ್ತದೆ. ನಾನು ಹೊಳೆನರಸೀಪುರದ ಕಡೆಯವನು ಎಂದು ಹೇಳಿ ಮಾತು ತೇಲಿಸಿಬಿಡುತ್ತೇನೆ. ಅದು ಸರಿಯೆಂದು ಹೇಳುತ್ತಿಲ್ಲ. ಹೊಟ್ಟೆಪಾಡು.

"ಬುಡಿ, ಅದೆಲ್ಲ ಬರೀಬ್ಯಾಡಿ," ಎಂದು ಅವಳೇ ಕೈ ಒರೆಸಿಕೊಂಡಳು. "ಇಷ್ಟದ್ ಕಡೆ ಇನ್ನೊಂದ್ ಐತೆ, ದೊಡ್ಡದಾಗ್ ಬರೀರಿ. ಈ ವರ್ಸ ಗುಡ್ಡೆ ಬಾಡಿನ್ ಪಟ್ಟೀಲಿ ನಮ್ ಎಸ್ರೂ ಬರ್ಕಂಡವ್ರೆ."

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು. ಬೇವು-ಬೆಲ್ಲದ ಶಾಸ್ತ್ರ ಮುಗಿಸಿ ಊರಿಗೆ ಊರೇ ಬಾಡಿನ ಮೇಲೆ ಬೀಳುವ ದಿನ. ಹಳ್ಳಿಗಳಲ್ಲಿ ಮನೆಗಳವರೆಲ್ಲ ವರ್ಷವಿಡೀ ತಿಂಗಳು ತಿಂಗಳು ಒಂದಿಷ್ಟು ಕೂಡಿಹಾಕಿ ಆಡು-ಕುರಿ ತರುತ್ತಾರೆ. ಬೆಳಗಾಗುತ್ತಲೇ ಕಡಿದು, ತೊಡೆ, ಪಕ್ಕೆ, ಈಲಿ, ಕರುಳಿನ ಬೋಟಿ ಎಲ್ಲದರಲ್ಲೂ ಒಂದೊಂದು ಚೂರು ಬರುವ ಹಾಗೆ ಬಾಳೆ ಎಲೆಗಳ ಮೇಲೆ ಸಮಸಮ ಗುಡ್ಡೆ ಹಾಕುತ್ತಾರೆ. ಮನೆಗೊಂದು ಗುಡ್ಡೆ. ಶ್ರೀಮಂತನಿಗೆ ದೊಡ್ಡದಿಲ್ಲ, ಬಡವನಿಗೆ ಚಿಕ್ಕದಿಲ್ಲ. ಊರಿನಲ್ಲಿ ನಿಮ್ಮ ಮನೆ ಒಂದು ಮನೆ ಹೌದೋ ಅಲ್ಲವೋ ಎಂಬುದು ಮತದಾರರ ಪಟ್ಟಿಗಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಾಲ್ಕು ವರ್ಷ ಕೇಳಿ ಕೇಳಿ, ಈ ಸಲ ಪಾಲು ಹಾಕುವ ಹಿರಿಯರು ಅರವತ್ತೊಂದು ಮನೆಯ ಕೆಳಗೆ 'ಶೆಡ್ಡಿನ ಮನೆ' ಎಂದು ಬರೆದುಕೊಂಡಿದ್ದರಂತೆ. ತಿಂಗಳು ತಿಂಗಳು ಇವರೂ ಕೊಟ್ಟಿದ್ದರು.

"ಅರವತ್ತೆರಡ್ನೆ ಗುಡ್ಡೆ ನಮ್ದು," ಅಂದಳು. ಅವಳ ಮುಖ ನೋಡಿ ನಾನು ಫಾರಂನಲ್ಲಿ ಅದನ್ನು ನಿಜವಾಗಿಯೂ ದೊಡ್ಡಕ್ಷರದಲ್ಲಿ ಬರೆದೆ.

ಅವತ್ತು ಬ್ಯಾಚಿಗೆ ಮೂವತ್ತನೆಯ ದಿನ. ಲೆಕ್ಕದ ಪ್ರಕಾರ ನಲವತ್ತನೆಯ ದಿನಕ್ಕೆ ಲಾರಿ ಬರಬೇಕು. ಆ ಹೊತ್ತಿಗೆ ಒಂದೊಂದು ಕೋಳಿಯೂ ಎರಡೂವರೆ ಕೆಜಿ ಮುಟ್ಟಿರುತ್ತದೆ. ಅಲ್ಲಿಂದಾಚೆಗೆ ಈ ಕೋಳಿಗಳಿಗೆ ತಮ್ಮ ಮೈಯೇ ಭಾರ. ಕಾಲು ಹೊರಲಾರದೆ ಹೊಟ್ಟಿನ ಮೇಲೆ ಕೂತೇ ಇರುತ್ತವೆ, ಕೂತಲ್ಲೇ ಹೇತು, ಕೂತಲ್ಲೇ ತಿನ್ನುತ್ತವೆ. ಕೆಳಗಿನ ಭತ್ತದ ಹೊಟ್ಟು ಕೆಸರಾಗಿ ಎದ್ದ ಅಮೋನಿಯಾ ಕಣ್ಣು ಕುಕ್ಕುತ್ತದೆ. ಹದಿನೈದು ನಿಮಿಷ ನಿಂತರೆ ಮೂಗಿನ ಒಳಗೆ ಉರಿ. ಆ ಗಂಡ-ಹೆಂಡತಿ ದಿನಕ್ಕೆ ಎರಡು ಸಲ ಸಲಿಕೆ ಹಿಡಿದು ಆ ಹೊಟ್ಟನ್ನು ತಿರುವಿಹಾಕುತ್ತಿದ್ದರು.

ಮೂವತ್ತೆಂಟನೆಯ ದಿನ ಶೆಡ್ಡಿನ ಯಜಮಾನರು ಫೋನ್ ಮಾಡಿದರು. ಊರಿನ ದೊಡ್ಡ ಹಿಡುವಳಿದಾರರು. ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆಯಿಂದ ಈಗಾಗಲೇ ಎಲ್ಲರಿಗೂ ಕೈಮುಗಿಯಲು ಶುರುಮಾಡಿದ್ದರು.

"ಸಾ, ಲಾರೀನ ಯುಗಾದಿ ಸಾಯಂಕಾಲಕ್ಕೆ ಆಕಿ. ಒಸತೊಡಕಿನ್ ರೇಟಲ್ ಓಗ್ಲಿ. ನಿಮ್ ಕಂಪ್ನಿಗೂ ಒಳ್ಳೇದು. ಊರ್ನೋರ್ಗೂ ಮಾತ್ ಕೊಟ್ಟಿವ್ನಿ, ಗುಡ್ಡೆ ಜೊತೆ ಮನೆಗೊಂದ್ ಕೋಳಿ ನನ್ ಕಡೆಯಿಂದ ಅಂತ."

ಕೋಳಿ ಕಂಪನಿಯದು, ದಾನ ಇವರದು. ಆದರೂ ಒಪ್ಪಿದೆ. ನಾಲ್ಕೈದು ದಿನ ತಡವಾದರೆ ಏನು ಮಹಾ, ತೂಕವೂ ಏರುತ್ತದೆ, ಹಬ್ಬದ ದರವೂ ಸಿಗುತ್ತದೆ, ಮೇಲಿನವರು ಬೆನ್ನು ತಟ್ಟುತ್ತಾರೆ ಎಂದುಕೊಂಡೆ. ಮಾರನೆಯ ದಿನ ಶೆಡ್ಡಿಗೆ ಹೋದಾಗ ಗಂಡ ನನ್ನನ್ನು ಪಕ್ಕಕ್ಕೆ ಕರೆದ.

"ಸಾ, ಮದ್ಯಾನಕ್ಕೆಲ್ಲ ಬಾಯ್ ಬುಟ್ಕಂಡ್ ಕುಂತ್ಕತವೆ. ಎತ್ತುಸ್ಬುಡಿ. ಜಾಗ ಸಾಲ್ತಿಲ್ಲ."

"ನೀನ್ ನಿನ್ ಕೆಲಸ ನೋಡು ಬಹದ್ದೂರ್," ಅಂದೆ ನಾನು. ಅದು ಅವನ ಹೆಸರಲ್ಲವೆಂದು ಒಂಬತ್ತು ದಿನದ ಹಿಂದೆಯಷ್ಟೇ ಕೇಳಿದ್ದೆ.

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ. ಹಾಸನವನ್ನು ಬಡವರ ಊಟಿ ಅನ್ನುತ್ತಾರೆ. ಹಾಗೆಂದವರನ್ನು ಆ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಅರ್ಧ ಗಂಟೆ ನಿಲ್ಲಿಸಬೇಕಿತ್ತು. ನಾನು ಕಟ್ಟಾಯದ ಒಂದು ಫಾರ್ಮಿನಲ್ಲಿ ತೂಕ ಹಾಕುತ್ತಿದ್ದೆ. ಎರಡು ಗಂಟೆಗೆ ಅವಳ ಫೋನ್ ಬಂತು. ಕರೆಂಟ್ ಹೋಗಿ ಒಂದು ಗಂಟೆಯಾಯಿತು, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಫ್ಯಾನು ನಿಂತಿದೆ, ಮಂಜು ಎರಚುವ ಪೈಪೂ ನಿಂತಿದೆ. ಜನರೇಟರಿಗೆ ಡೀಸೆಲ್ ಇಲ್ಲ, ಯಜಮಾನರು ಅದನ್ನು ಟ್ರ್ಯಾಕ್ಟರಿಗೆ ಹಾಕಿಸಿಕೊಂಡಿದ್ದಾರೆ.

ನಾನು ತಲುಪುವ ಹೊತ್ತಿಗೆ ಇಬ್ಬರೂ ಮೈಮೇಲೆ ನೀರು ಸುರಿದುಕೊಂಡವರಂತೆ ಬೆವರಿದ್ದರು. ಗಂಡ ಗೋಣಿತಾಟುಗಳನ್ನು ಡ್ರಮ್ಮಿನಲ್ಲಿ ಅದ್ದಿ ಶೆಡ್ಡಿನ ಪಕ್ಕದ ಜಾಲರಿಗೆ ಕಟ್ಟುತ್ತಿದ್ದ. ಹೆಂಡತಿ ಬೆಲ್ಲದ ನೀರು ಕಲಸಿ ಕುಡಿಯುವ ಬಟ್ಟಲುಗಳಿಗೆ ಹುಯ್ಯುತ್ತಿದ್ದಳು. ಮೇವಿನ ಬಟ್ಟಲುಗಳನ್ನು ಆಗಲೇ ಮೇಲಕ್ಕೆ ಎತ್ತಿಕಟ್ಟಿದ್ದರು. ತಿಂದರೆ ಮೈ ಇನ್ನಷ್ಟು ಕಾಯುತ್ತದೆ. ಯಾರೂ ಹೇಳಿಕೊಡದಿದ್ದರೂ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಇನ್ನು ಉಳಿದದ್ದು ಕೋಳಿಗಳ ನಡುವೆ ನಿಧಾನವಾಗಿ ನಡೆದು ಅವನ್ನು ಎಬ್ಬಿಸುವುದು. ಎದ್ದರೆ ಹೊಟ್ಟೆಯಡಿ ಸಿಕ್ಕಿಕೊಂಡ ಬಿಸಿ ಹೊರಗೆ ಹೋಗುತ್ತದೆ. ನಾವು ಮೂವರೂ ಸಾಲು ಹಿಡಿದು ನಡೆದೆವು. ಕಾಲಲ್ಲಿ ತಳ್ಳಿದರೆ ಕೆಲವು ಏಳುತ್ತಿದ್ದವು, ಕೆಲವು ಹಾಗೇ ಉರುಳುತ್ತಿದ್ದವು. ಎದೆ ಮೇಲಾಗಿ, ಕಾಲು ಹಿಂದಕ್ಕೆ ಚಾಚಿ, ಕೊಕ್ಕು ತೆರೆದುಕೊಂಡು. ಒಂದು ಸತ್ತರೆ ಪಕ್ಕದವು ಗಾಬರಿಯಿಂದ ಒಂದರ ಮೇಲೊಂದು ಬಿದ್ದು ಇನ್ನೂ ನಾಲ್ಕು ಸಾಯುತ್ತಿದ್ದವು.

ನಾಲ್ಕೂವರೆಗೆ ಬಿಸಿಲು ಇಳಿಯಿತು. ಶೆಡ್ಡಿನ ಹೊರಗೆ ಸತ್ತವನ್ನು ಹತ್ತತ್ತರಂತೆ ಸಾಲಾಗಿ ಜೋಡಿಸಿ ಎಣಿಸಿದೆವು. ನಾನೂರ ಎಂಬತ್ತು. ಆ ವಾಸನೆಯನ್ನು ಹೇಗೆ ಹೇಳಲಿ? ಕೊಳೆತದ್ದಲ್ಲ, ಇನ್ನೂ ಕೊಳೆತಿರಲಿಲ್ಲ. ಬೆಂದ ಪುಕ್ಕ, ಹೇಲು, ಬೆವರು ಎಲ್ಲ ಒಂದಾಗಿ ಗಂಟಲಿಗೆ ಅಂಟಿಕೊಳ್ಳುವಂಥದ್ದು. ಕಂಪನಿಯ ನಿಯಮ ಸರಳ. ಗುಂಡಿ ತೋಡಿ, ಸುಣ್ಣ ಹಾಕಿ, ಮುಚ್ಚಿ, ಫೋಟೋ ತೆಗೆದು ಆಪಿನಲ್ಲಿ ಕಂಪನಿಯ ಕೋಳಿ ಡಾಕ್ಟರಿಗೆ ಕಳಿಸುವುದು. ಗಂಡ ಆಗಲೇ ಗುಂಡಿ ತೋಡಲು ಹೊರಟಿದ್ದ.

ಅಷ್ಟರಲ್ಲಿ ಯಜಮಾನರ ಜೀಪು ಬಂತು. ಹಿಂದುಗಡೆ ಐಸ್ ತುಂಬಿದ ನಾಲ್ಕು ಥರ್ಮೋಕೋಲ್ ಪೆಟ್ಟಿಗೆ. ನಾನು ಅದನ್ನು ನೋಡಿ, ಪಾಪ, ಬದುಕಿರುವ ಕೋಳಿಗಳ ನೀರಿಗೆ ಹಾಕಲು ತಂದಿದ್ದಾರೆ ಅಂದುಕೊಂಡೆ. ಅವರು ಮೂಗಿಗೆ ಟವೆಲ್ ಹಿಡಿದು ಸಾಲುಗಳ ನಡುವೆ ಓಡಾಡಿ, ಕಾಲಿನ ತುದಿಯಿಂದ ಕೆಲವನ್ನು ಬೇರೆ ಮಾಡಿದರು.

"ದಪ್ಪದಪ್ಪುದ್ ಅರವತ್ತೆರಡ್ ಆರ್ಸಿ ಕುಯ್ದಾಕ್ಬುಡು ಬಹದ್ದೂರ್. ಬಿಸಿ ಆರೋಕ್ ಮುಂಚೆ. ತೊಗಲ್ ಸುಲ್ದು, ಅರಿಸಿನ ಉಪ್ಪು ಸವ್ರಿ ಐಸಲ್ ಇಡಿ. ನಾಡಿದ್ ಬೆಳಿಗ್ಗೆ ಗುಡ್ಡೆಗ್ ಸೇರಿಸ್ತೀನಿ. ಜೀವ ಇರವ್ನ ಕೊಟ್ಟು ಯಾಕ್ ಲಾಸ್ ಮಾಡ್ಕಬೇಕು?"

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ತಮ್ಮ ಊರಿನವರೇ, ನಾಳೆ ಓಟು ಕೇಳಬೇಕಾದವರೇ, ದೊಡ್ಡಪ್ಪ ಚಿಕ್ಕಪ್ಪಂದಿರೇ. ಅವರ ಎಲೆಗೆ ಸತ್ತದ್ದು. ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಗಂಡ ಸಲಿಕೆ ಕೆಳಗಿಟ್ಟ. "ಸತ್ತಿರದ್ನ ಕುಯ್ಯಕಿಲ್ಲ ಯಜಮಾನ್ರೆ," ಅಂದ.

"ಯಾಕ್ಲಾ, ತಿನ್ನೋನ್ ನೀನಾ? ಕುಯ್ಯದ್ ತಾನೆ ನಿನ್ ಕೆಲ್ಸ?"

"ನಮ್ ಕಡೆ ಇದ್ಕೆ ಸಿನೋ ಅಂತಾರೆ," ಎಂದು ಹೆಂಡತಿ ಮುಂದೆ ಬಂದಳು. "ಸತ್ತ ಪ್ರಾಣಿ ಬಾಡು. ಅದನ್ನ ಮುಟ್ಸಿ ಮುಟ್ಸಿನೇ ನಮ್ ಜನುನ್ನ ಊರಿಂದಾಚೆ ಇಟ್ಟಿದ್ರು. ಅದ್ನ ಬುಟ್ಟೇ ಇಲ್ಲಿಗ್ ಬಂದಿರದು. ಇಲ್ಲಿ ಬಂದೂ ಅದೇನಾ?"

ಎಂಟು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಅವಳ 'ಜನ' ಯಾವುದೆಂಬುದು ಆ ಸಿಟ್ಟಿನಲ್ಲಿ ಹೊರಗೆ ಬಿತ್ತು. ಯಜಮಾನರ ಹುಬ್ಬು ಮೇಲೇರಿತು. "ಓಹೋ," ಅಂದರು. ಅಷ್ಟೇ. ಆ ಓಹೋ ಇನ್ನೂ ನನ್ನ ಕಿವಿಯಲ್ಲಿದೆ.

"ಇವತ್ತ್ ಕುಯ್ಯದಿದ್ರೆ ಲಾರಿ ಓದ್ ಮೇಲೆ ಕೋಣೆ ಕಾಲಿ ಮಾಡಿ," ಎಂದು ಹೇಳಿ, ನನ್ನ ಕಡೆ ತಿರುಗಿದರು. "ನೀವಾದ್ರೂ ಬುದ್ದಿ ಏಳಿ ಸಾ. ಲಾರಿ ತಡ ಮಾಡ್ಸಿದ್ದಕ್ಕೆ ಸೈನ್ ಆಕಿರೋರು ನೀವೇ ಅಲ್ವಾ?"

ಅವರು ಬೆರಳಿಟ್ಟದ್ದು ಸರಿಯಾದ ಜಾಗಕ್ಕೇ. ನಾನೂರ ಎಂಬತ್ತರ ಲೆಕ್ಕ ಮೇಲೆ ಹೋದರೆ ಮೊದಲು ಕೇಳುವುದು ನನ್ನನ್ನು. ಯಜಮಾನರು ಜೊತೆಗಿದ್ದರೆ ಕರೆಂಟಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು.

ನಾನು ಆಗ ಮಾಡಿದ್ದನ್ನು ಹೇಳಲೇಬೇಕು. ಇಲ್ಲದಿದ್ದರೆ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. "ಬಿಡಮ್ಮ, ನೀವು ಮುಟ್ಟಬೇಡಿ, ನಾನೇ ಕುಯ್ತೀನಿ," ಎಂದು ಚಾಕು ತೆಗೆದುಕೊಂಡೆ. ಅವರನ್ನು ಕಾಪಾಡುತ್ತಿದ್ದೇನೆ ಎಂಬ ಭಾವನೆ ಬೇರೆ. ಯಜಮಾನರು ಖುಷಿಯಾಗಿ, ಆರು ಗಂಟೆಗೆ ಬಂದು ಪೆಟ್ಟಿಗೆ ಒಯ್ಯುತ್ತೇನೆಂದು ಹೋದರು.

ಜೀವವಿರುವ ಕೋಳಿಯ ಕತ್ತು ಕುಯ್ದರೆ ರಕ್ತ ಚಿಮ್ಮುತ್ತದೆ. ಸತ್ತದ್ದರಲ್ಲಿ ಚಿಮ್ಮುವುದಿಲ್ಲ. ಕಪ್ಪಗೆ, ದಪ್ಪಗೆ, ಜಿನುಗಿ ನಿಲ್ಲುತ್ತದೆ. ತೊಗಲು ಸುಲಿದರೆ ರೆಕ್ಕೆಯ ತುದಿ, ಕತ್ತು ಎಲ್ಲ ನೀಲಿಗಟ್ಟಿರುತ್ತದೆ. ಎದೆಯ ಮಾಂಸವಂತೂ ಒಲೆಯ ಮೇಲಿಡದೆಯೇ ಅರೆಬೆಂದ ಹಾಗೆ ಬೆಳ್ಳಗೆ. ಆ ನೀಲಿ ಕಾಣದಿರಲೆಂದೇ ಅರಿಸಿನ ಸವರುವುದು. ಹನ್ನೊಂದು ಕೋಳಿ ಕುಯ್ದೆ. ಒಂದಲ್ಲ, ಎರಡಲ್ಲ, ಹನ್ನೊಂದು. ಮೊಣಕೈವರೆಗೆ ಅಂಟು. ನೊಣಗಳು ತುಟಿಯ ಮೇಲೆ ಕೂರುತ್ತಿದ್ದವು, ಓಡಿಸಲು ಕೈ ಎತ್ತುವ ಹಾಗಿಲ್ಲ.

ಕುಯ್ಯುತ್ತಿದ್ದಾಗ ನಮ್ಮಜ್ಜ ನೆನಪಿಗೆ ಬಂದ. ನಮ್ಮೂರಿನಲ್ಲಿ ಸತ್ತ ದನ ಹೊರುವುದು ನಮ್ಮ ಕೇರಿಯವರ ತಲೆಗೇ ಕಟ್ಟಿದ ಕೆಲಸವಾಗಿತ್ತು. ಒಂದು ದಿನ ನಮ್ಮಜ್ಜ ಹೊರುವುದಿಲ್ಲ ಎಂದುಬಿಟ್ಟ. ವರ್ಷಗಟ್ಟಲೆ ಯಾರೂ ಅವನನ್ನು ಕೂಲಿಗೆ ಕರೆಯಲಿಲ್ಲ. ಅವನು ಹೊಳೆ ದಾಟಿ ಅರಕಲಗೂಡಿನ ಕಡೆ ನಡೆದುಹೋಗಿ ತಂಬಾಕಿನ ಹೊಲದಲ್ಲಿ ದುಡಿದು ನಮ್ಮಪ್ಪನನ್ನು ಓದಿಸಿದ. ಅವನು ಬಿಟ್ಟ ಕೆಲಸವನ್ನು ಪ್ಯಾಂಟು-ಶರ್ಟು ಹಾಕಿಕೊಂಡು, ಕತ್ತಿಗೆ ಕಂಪನಿಯ ಬ್ಯಾಡ್ಜು ನೇತುಹಾಕಿಕೊಂಡು, ಯಾರೂ ಹೊರಿಸದಿದ್ದರೂ ನಾನಾಗಿಯೇ ಕೂತು ಮಾಡುತ್ತಿದ್ದೆ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಆದರೂ ಕೈ ನಿಂತದ್ದು ಅದರಿಂದಲ್ಲ. ಅವಳು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅಳಲಿಲ್ಲ, ಬೈಯಲಿಲ್ಲ.

"ಸಾ, ಅರವತ್ತೆರಡ್ ಅಂದ್ರಲ್ಲ. ಅದ್ರಲ್ ಒಂದ್ ನಮ್ದೇ. ನಾಡಿದ್ ನಾನೇ ಓಗಿ ಪಾತ್ರೆ ಒಡ್ಡಿ ಇಸ್ಕಬೇಕು. ಪಕ್ಕದ್ಮನೆ ಅಜ್ಜಿಗೆ ಬಾಯಲ್ ಒಂದ್ ಅಲ್ಲೂ ಇಲ್ಲ, ಅದ್ನ ಬೇಯ್ಸಿ ಬೇಯ್ಸಿ ತಿಂತದೆ. ಗೊತ್ತಿದ್ದೂ ಗೊತ್ತಿದ್ದೂ ನಾನ್ ಎಂಗ್ ಸಾಲಲ್ ನಿಂತ್ಕಳ್ಳಿ?"

ಚಾಕು ಕೆಳಗಿಟ್ಟೆ. ಕೈ ತೊಳೆದುಕೊಂಡು ಮೊದಲು ಫೋಟೋ ತೆಗೆದೆ. ಎಲ್ಲ ಸಾಲುಗಳದ್ದೂ, ಕುಯ್ದ ಹನ್ನೊಂದರದ್ದೂ. ಆಪಿನಲ್ಲಿ ಸತ್ತ ಸಂಖ್ಯೆ ನಾನೂರ ಎಂಬತ್ತು, ಕಾರಣ ಬಿಸಿಲು, ಕೋಳಿ ಎತ್ತುವ ದಿನ ಮುಂದೂಡಿದ್ದು ನಾನು ಎಂದು ಬರೆದು ಡಾಕ್ಟರಿಗೆ ಕಳಿಸಿದೆ. ಕಳಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದು, ಅದಕ್ಕೇ ಮೊದಲು ಅದನ್ನು ಮಾಡಿದೆ. ಆಮೇಲೆ ಮೂವರೂ ಗುಂಡಿ ತೋಡಿ, ಒಂದು ಪದರ ಕೋಳಿ, ಒಂದು ಪದರ ಸುಣ್ಣ, ಹೀಗೆ ಮೇಲಿನವರೆಗೆ ತುಂಬಿದೆವು. ಹನ್ನೊಂದನ್ನೂ ಅದರೊಳಗೇ ಹಾಕಿ ಮಣ್ಣು ತುಳಿದೆವು. ಯಜಮಾನರು ಬಂದಾಗ ಪೆಟ್ಟಿಗೆಗಳಲ್ಲಿ ಐಸು ನೀರಾಗುತ್ತಿತ್ತು.  ಅವರು ಗಂಡ-ಹೆಂಡತಿಯನ್ನು ಒಂದು ಸಲ ನೋಡಿ ಜೀಪು ಹತ್ತಿದರು.

ಯುಗಾದಿಯ ಸಂಜೆ ಲಾರಿಗೆ ಉಳಿದ ಕೋಳಿ ಎತ್ತಿಸಲು ಹೋದೆ. ಊರ ಬಾಗಿಲಿನ ಅಂಗಡಿಯ ಮುಂದೆ ಎಲ್ಲರ ಬಾಯಲ್ಲೂ ಒಂದೇ ಕತೆ. ಆ ನೇಪಾಳದವರು ಫ್ಯಾನು ಹಾಕದೆ ಮಲಗಿದ್ದರಂತೆ, ಕೋಳಿ ಸತ್ತವಂತೆ, ಅವನ್ನು ಕದ್ದು ಕುಯ್ದು ಗುಡ್ಡೆಗೆ ಸೇರಿಸಲು ನೋಡಿದರಂತೆ, ಯಜಮಾನರು ಹಿಡಿದು ಗುಂಡಿಗೆ ಹಾಕಿಸಿದರಂತೆ. "ಅವ್ರ್ ಜನವೇ ಅಂಗಂತೆ ಕಣ್ಲಾ, ಸತ್ತುದ್ನೆಲ್ಲ ತಿಂತಾರಂತೆ," ಎಂದು ಒಬ್ಬ ಬೀಡಿ ಎಳೆಯುತ್ತ ಹೇಳಿದ. ಬಾಯಲ್ಲಿ ಬೇವು-ಬೆಲ್ಲ ಇನ್ನೂ ಆರಿರಲಿಲ್ಲ. ಒಂದೇ ದಿನದಲ್ಲಿ ನಿಜವನ್ನು ಇಷ್ಟು ನೀಟಾಗಿ ತಲೆಕೆಳಗು ಮಾಡಲು ಇವರಿಗೆ ಯಾರು ಕಲಿಸುತ್ತಾರೋ! "ಹಾಗಲ್ಲ, ಹಾಗಲ್ಲ," ಎಂದು ನಾನೇನೋ ಗೊಣಗಿದೆ. ಲಾರಿಯವನು ಹಾರ್ನ್ ಹೊಡೆದ. ಅದೇ ನೆಪವಾಗಿ ಅಲ್ಲಿಂದ ಜಾರಿದೆ.

ಇಡೀ ರಾತ್ರಿ ನಿದ್ದೆ ಬರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಮಲಗಿದೆ. ಬೆಳಿಗ್ಗೆ ಎದ್ದಾಗ ಮಾತ್ರ ಹಾಸನದ ನನ್ನ ಕೋಣೆಯಲ್ಲಿ ಕೂರಲಾಗಲಿಲ್ಲ. ಬೈಕು ಹತ್ತಿ ಆ ಹಳ್ಳಿಗೆ ಹೋದೆ.

ಅರಳಿಕಟ್ಟೆಯ ಪಕ್ಕ ಟಾರ್ಪಾಲು ಹಾಸಿ, ಬಾಳೆ ಎಲೆಗಳ ಮೇಲೆ ಗುಡ್ಡೆ ಹಾಕಿ ಮುಗಿಸಿದ್ದರು. ಅಲ್ಲಿಯ ಕ್ರಮ ಹೀಗೆ: ಪಾಲು ಹಾಕುವ ಹಿರಿಯರು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ದು?" ಅನ್ನುತ್ತಾನೆ. ಹಿರಿಯರು ನೋಡದೆಯೇ ಒಂದು ಮನೆಯ ಹೆಸರು ಹೇಳುತ್ತಾರೆ. ಪಕ್ಷಪಾತವಾಯಿತೆಂದು ಯಾರೂ ಬಾಯಿ ತೆಗೆಯುವ ಹಾಗಿಲ್ಲ. ಎಷ್ಟು ಚೆಂದದ ನ್ಯಾಯ ಎಂದು ಹೊರಗಿನವರು ಹೊಗಳಬಹುದು.

ಅವರಿಬ್ಬರೂ ಸಾಲಿನ ಕೊನೆಯಲ್ಲಿ ನಿಂತಿದ್ದರು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅವಳ ಕೈಯಲ್ಲಿ ಬೆಳಗಿದ ಸ್ಟೀಲ್ ಪಾತ್ರೆ. ಹಿಂದಿನ ದಿನದ ಮಾತೆಲ್ಲ ಅವರ ಕಿವಿಗೂ ಬಿದ್ದಿತ್ತು. ಆದರೂ ಬಂದಿದ್ದರು.

"ಇದ್ಯಾರ್ದು?"

"ಮೇಗಲ್ಮನೆ."

"ಇದ್ಯಾರ್ದು?"

"ಬಾವಿಮನೆ."

ಎತ್ತಿಕೊಂಡ ಎರಡನ್ನೂ ಸೇರಿಸಿ ನಾನು ಗುಡ್ಡೆಗಳನ್ನು ಎಣಿಸಿದೆ. ಕೋಳಿ ಎಣಿಸಿ ಎಣಿಸಿ ಅಭ್ಯಾಸವಾದ ಕಣ್ಣು, ತಪ್ಪುವುದಿಲ್ಲ. ಅರವತ್ತೊಂದು. ಇನ್ನೊಮ್ಮೆ ಎಣಿಸಿದೆ. ಅರವತ್ತೊಂದೇ. ಹೆಸರುಗಳು ಮುಗಿಯುತ್ತ ಬಂದವು, ಎಲೆಗಳು ಖಾಲಿಯಾಗುತ್ತ ಬಂದವು, ಅವಳು ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದಳು. ಕೊನೆಯ ಎಲೆಯನ್ನು ಯಜಮಾನರ ಮನೆಯವರು ಎತ್ತಿಕೊಂಡರು. ಹಿರಿಯರು ಈಚೆ ತಿರುಗಿ, "ಎಲ್ರಿಗೂ ಆಯ್ತಲ್ಲಪ್ಪ," ಅಂದರು.

"ಶೆಡ್ಡಿನ ಮನೆ?" ಅಂದೆ ನಾನು. ಧ್ವನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಕುಯ್ದೋರು ಅವರಲ್ಲ. ಸತ್ತ ಕೋಳಿ ಕುಯ್ದೋನು ನಾನು. ಕುಯ್ಯಿ ಅಂದೋರು ಇವರು," ಎಂದು ಯಜಮಾನರ ಕಡೆ ಕೈ ತೋರಿಸಿದೆ. "ಬೇಡ ಅಂದು ನಿಮ್ಮೆಲ್ಲರ ಬಾಯಿ ಉಳಿಸಿದೋರು ಈ ಇಬ್ಬರು."

ಗದ್ದಲವಾಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ನನಗೆ ಇವತ್ತಿಗೂ ಅಸಹ್ಯವಾಗುವುದು ಅದೇ. ಯಾರೂ ಸುಳ್ಳು ಅನ್ನಲಿಲ್ಲ, ಯಾರೂ ಆಶ್ಚರ್ಯಪಡಲಿಲ್ಲ. ನಾಲ್ಕೈದು ಜನ ಯಜಮಾನರ ಮುಖ ನೋಡಿ ನೆಲ ನೋಡಿದರು. ಅವರಿಗೆ ಆಗಲೇ ಗೊತ್ತಿತ್ತು. ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಹಿರಿಯರು ಮೆಲ್ಲಗೆ ನನ್ನ ತೋಳು ಹಿಡಿದರು. "ಇರ್ಲಿ ಬುಡಿ ಸಾ. ಅಬ್ಬದ್ ದಿನ ಯಾಕ್ ಬ್ಯಾಡದ್ ಮಾತು. ಅವ್ರ್ ಕಟ್ಟಿರದ್ನ ವಾಪಸ್ ಕೊಡವ. ಅವ್ರು ಯಾವ್ ಜನ ಅಂತ ಮೊದ್ಲೇ ಏಳಿದ್ರೆ ಎಸ್ರೇ ಬರ್ಕತಿರ್ಲಿಲ್ಲ. ಸಾಲಲ್ ಎಂಗ್ ನಿಲ್ಸದು, ನೀವೇ ಏಳಿ?" ಆಮೇಲೆ ಅವಳ ಕಡೆ ತಿರುಗಿ, ದೊಡ್ಡ ಉಪಕಾರ ಮಾಡುವವರ ಹಾಗೆ, "ಬೋಟಿ ಗೀಟಿ ಮಿಕ್ಕಿದ್ರೆ ಕೊಡುಸ್ತೀನಿ, ಆ ಕಡೆ ನಿಂತಿರವ್ವ," ಅಂದರು.

ಅವಳು ಪಾತ್ರೆಗೆ ಸೆರಗು ಮುಚ್ಚಿ ನಡೆದಳು. ಗಂಡ ಹಿಂದೆ. ನಾನು ಬೈಕು ತಳ್ಳಿಕೊಂಡು ಅವರ ಹಿಂದೆ. ಊರೆಲ್ಲ ಮನೆಮನೆಯಲ್ಲೂ ಮಸಾಲೆ ರುಬ್ಬುವ ಸದ್ದು.

ಶೆಡ್ಡಿಗೆ ಬಂದ ಮೇಲೆ ಅರಕಲಗೂಡಿನ ಕಡೆಯ ಒಂದು ಫಾರ್ಮಿಗೆ ಫೋನ್ ಮಾಡಿ ಜೋಡಿಗೆ ಜಾಗ ಕೇಳಿದೆ. ಎರಡು ದಿನ ಬಿಟ್ಟು ಬರಲಿ ಅಂದರು. ಯಾವ ಜನ ಎಂದು ಆ ಕಡೆಯಿಂದಲೂ ಕೇಳಿದರು. ಮನುಷ್ಯರು ಅಂದೆ. ಆ ಕಡೆಯವರು ನಕ್ಕರು, ನನಗೆ ನಗು ಬರಲಿಲ್ಲ.

ಅವಳು ಬೆಳಗಿನ ಜಾವಕ್ಕೇ ಎದ್ದು ಮಸಾಲೆ ಅರೆದಿಟ್ಟಿದ್ದಳು. ಕಾಯಿ, ಕೊತ್ತಂಬರಿ, ಚಕ್ಕೆ, ಲವಂಗ, ಒಂದು ದೊಡ್ಡ ಬೋಗುಣಿ ತುಂಬ. ಅದನ್ನು ಕೊಂಚ ಹೊತ್ತು ನೋಡಿಕೊಂಡು ನಿಂತು, ಮೂಲೆಯಲ್ಲಿದ್ದ ಚೀಲದಿಂದ ಆಲೂಗಡ್ಡೆ ಸುರಿದು ಹೆಚ್ಚತೊಡಗಿದಳು. "ಉಂಡ್ಕಂಡೇ ಓಗಿ ಸಾ," ಅಂದಳು.

ಮೂವರೂ ನೆಲದ ಮೇಲೆ ಕೂತೆವು. ಬಾಡಿನ ಮಸಾಲೆಯಲ್ಲಿ ಬೆಂದ ಆಲೂಗಡ್ಡೆ, ಅನ್ನ. ಎರಡು ತುತ್ತು ತಿಂದು ಖಾರ ಹತ್ತಿ, ನನ್ನ ಬ್ಯಾಗಿಗೆ ಕೈ ಹಾಕಿ ನೀರಿನ ಬಾಟಲಿ ತೆಗೆದೆ. ಅವಳು ಲೋಟದಲ್ಲಿ ನೀರು ಹಿಡಿದು ನನ್ನೆದುರು ಚಾಚಿದ್ದಳು. ನನ್ನ ಬಾಟಲಿಯನ್ನು ನೋಡಿ ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು.

"ಮೂರ್ ವರ್ಸದಿಂದ ನೋಡ್ತಾನೇ ಇವ್ನಿ ಸಾ," ಅಂದಳು. "ಎಂಥ ಬಿಸ್ಲಲ್ ಬಂದ್ರೂ ನಿಮ್ ಬಾಟ್ಲಿನೇ ಎತ್ತದು. ನಮ್ ಲೋಟ ಒಂದಿನಾನೂ ಮುಟ್ಟಿಲ್ಲ."

ಶೆಡ್ಡಿನಿಂದ ಶೆಡ್ಡಿಗೆ ರೋಗ ಹರಡಬಾರದಲ್ಲಮ್ಮ, ಎಲ್ಲಿಯೂ ಏನೂ ಕುಡಿಯಬಾರದೆಂದು ಕಂಪನಿಯ ನಿಯಮವಿದೆ ಎಂದು ಹೇಳಲು ಬಾಯಿ ತೆರೆದೆ. ಯಜಮಾನರುಗಳ ಜಗಲಿಯ ಮೇಲೆ ನಾನು ದಿನಕ್ಕೆ ಆರು ಸಲ ಕಾಫಿ ಕುಡಿಯುತ್ತೇನೆ. ಅಂಥ ನಿಯಮ ಕಂಪನಿಯಲ್ಲಿ ಇಲ್ಲ. ಅದು ನಾನೇ ಮಾಡಿಕೊಂಡದ್ದು.